ಡೀವೋ ಬ್ಯಾಂಡಿನ ‘ಫ್ರೀಡಮ್ ಆಫ್ ಚಾಯ್ಸ್’: ಕುಣಿಸ್ತಾನೇ ಕುಟುಕೋ ಆಲ್ಬಮ್

ಡೀವೋ ಅಂದ್ರೆ ಎಲ್ರಿಗೂ ನೆನಪಾಗೋದು ‘ವಿಪ್ ಇಟ್’ ಹಾಡು, ಆಮೇಲೆ ಹೂಕುಂಡ ಬೋರಲು ಹಾಕ್ಕೊಂಡಂಗಿರೋ ಆ ಕೆಂಪು ಟೋಪಿ. ಅದಕ್ಕೇ ಇವ್ರನ್ನ ಕಾಮಿಡಿ ಪಾರ್ಟಿಗಳು ಅಂತ ಪಕ್ಕಕ್ಕಿಟ್ಟಿರೋರೇ ಜಾಸ್ತಿ. 1980ರ ಈ ಆಲ್ಬಮ್ ಪೂರ್ತಿ ಕೇಳಿ ನೋಡಿ, ಹನ್ನೆರಡು ಹಾಡು, ಹೆಚ್ಚುಕಮ್ಮಿ ಅರ್ಧ ಗಂಟೆ ಅಷ್ಟೇ, ಇವ್ರು ಯಾರನ್ನ ಗೇಲಿ ಮಾಡ್ತಿದಾರೆ ಅಂತ ಗೊತ್ತಾಗ್ತಾ ಹೋದಂಗೆ ನಗು ಸ್ವಲ್ಪ ಹುಳಿಯಾಗತ್ತೆ.

ಅಮೆರಿಕದ ಒಹಾಯೋ ರಾಜ್ಯದ ಆಕ್ರನ್ ಅನ್ನೋ ಟಯರ್ ಫ್ಯಾಕ್ಟರಿಗಳ ಊರಿನವ್ರು ಇವ್ರು. ಮದರ್ಸ್‌ಬಾ ಅಣ್ತಮ್ಮಂದಿರಿಬ್ರು, ಕಸಾಲೆ ಅಣ್ತಮ್ಮಂದಿರಿಬ್ರು, ಡ್ರಮ್ಸಿಗೆ ಅಲನ್ ಮಯರ್ಸ್. 1970ರಲ್ಲಿ ಕೆಂಟ್ ಸ್ಟೇಟ್ ಯೂನಿವರ್ಸಿಟೀಲಿ ವಿಯೆಟ್ನಾಂ ಯುದ್ಧ ಬೇಡ ಅಂತ ಪ್ರತಿಭಟನೆ ನಡೀತಿದ್ದಾಗ ನ್ಯಾಷನಲ್ ಗಾರ್ಡ್ ಅನ್ನೋ ಮೀಸಲು ಸೇನೆಯೋರು ಗುಂಡು ಹಾರ್ಸಿ ನಾಲ್ಕು ಜನ ಸ್ಟೂಡೆಂಟ್ಸ್ ಸತ್ರಲ್ಲ, ಜೆರಿ ಕಸಾಲೆ ಅವತ್ತು ಅಲ್ಲೇ ಇದ್ದೋನು. ಹಾಗಾಗಿ ಮನುಷ್ಯ ಬೆಳೀತಿಲ್ಲ, ಹಿಂದಕ್ಕೇ ಹೋಗ್ತಿದಾನೆ ಅನ್ನೋ ಇವ್ರ ವಾದ ಬರೀ ತಮಾಷೆ ಅಲ್ಲ.

ಸೌಂಡ್ ಬಗ್ಗೆ ಹೇಳ್ಲೇಬೇಕು. ಗಾಯಕ ಸ್ಟೀವಿ ವಂಡರ್ ಜೊತೆ ಸಿಂತ್ (ಸಿಂಥಸೈಜರ್, ಎಲೆಕ್ಟ್ರಾನಿಕ್ ವಾದ್ಯ) ಕೆಲಸ ಮಾಡಿದ್ದ ರಾಬರ್ಟ್ ಮಾರ್ಗುಲೆಫ್ ಬ್ಯಾಂಡ್ ಜೊತೆ ಸೇರಿ ಪ್ರೊಡ್ಯೂಸ್ ಮಾಡಿದಾರೆ, ಅದಕ್ಕೇ ಏನೋ ಮೂಗ್ (Moog) ಕಂಪನಿ ಸಿಂತಿನ ಬೇಸ್ ದಪ್ಪಗೆ, ಕುಣಿಸೋ ಫಂಕ್ ಸಂಗೀತದ ಥರ ಎದೆಗೇ ಬಡಿಯತ್ತೆ, ಮೇಲೆ ಮಯರ್ಸ್ ಡ್ರಮ್ಸ್, ಮೆಷಿನ್ನೇ ಇರ್ಬೇಕು ಅನ್ಕೋತೀವಿ ಆದ್ರೆ ಮನುಷ್ಯನೇ ಬಾರಿಸ್ತಿರೋದು ಗುರು!

‘ವಿಪ್ ಇಟ್’ ಅಮೆರಿಕದ ಹಿಟ್ ಹಾಡುಗಳ ಪಟ್ಟೀಲಿ 14ನೇ ಸ್ಥಾನದ ತನಕ ಹೋಯ್ತು. ಜನ ಅದನ್ನ ಪೋಲಿ ಹಾಡು ಅನ್ಕೊಂಡ್ರು, ನಿಜವಾಗ್ಲೂ ಅದು ‘ನಿನ್ ಕೈಲಾಗತ್ತೆ, ನುಗ್ಗು’ ಅನ್ನೋ ಅಮೆರಿಕನ್ ಉಪದೇಶಕ್ಕೆ ಅಣಕ. ನನ್ ಕೇಳಿದ್ರೆ ಅದಕ್ಕಿಂತ ‘ಗೇಟ್ಸ್ ಆಫ್ ಸ್ಟೀಲ್’ ದೊಡ್ಡ ಹಾಡು, ಗಿಟಾರು ಸಿಂತು ಎರಡೂ ಒಂದೇ ಉಸಿರಲ್ಲಿ ಓಡ್ತಾವೆ. ಟೈಟಲ್ ಹಾಡಲ್ಲಿ ಎರಡು ಮೂಳೆ ಸಿಕ್ಕ ನಾಯಿ ಯಾವ್ದು ತಿನ್ನೋದು ಅಂತ ಸುತ್ತಿ ಸುತ್ತಿ ಸತ್ತೇಹೋಗತ್ತೆ (ಓಟಿಟೀಲಿ ಏನ್ ನೋಡೋದು ಅಂತ ಹುಡುಕ್ತಾ ಊಟ ತಣ್ಣಗೆ ಮಾಡ್ಕೊಳ್ಳೋರು ಗಮನಿಸಿ).

ಎರಡನೇ ಅರ್ಧ ಸ್ವಲ್ಪ ಸಪ್ಪೆ, ‘ಮಿಸ್ಟರ್ ಬೀಸ್ ಬಾಲ್‌ರೂಮ್’ ಬಂದ್ರೆ ನಾನಂತೂ ಸ್ಕಿಪ್. ‘ಥಾರ್: ರ್ಯಾಗ್ನರಾಕ್’ ಸಿನಿಮಾ ಮ್ಯೂಸಿಕ್ ಇಷ್ಟ ಆಗಿದ್ರೆ, ಅದನ್ನ ಮಾಡಿದ್ದು ಇದೇ ಮಾರ್ಕ್ ಮದರ್ಸ್‌ಬಾ, ಧೈರ್ಯವಾಗಿ ಹಾಕಿ. ಫೋನ್ ಸ್ಪೀಕರಲ್ಲಿ ಮಾತ್ರ ಬೇಡ, ಬೇಸೇ ಕೇಳ್ಸಲ್ಲ.