ಆಮಂತ್ರಣ ಪತ್ರಿಕೆಗೆ ಕ್ಲೌಡ್ ಒಳ್ಳೆಯದೋ, ಮೇಜಿನ ಮೇಲಿನ ಕಂಪ್ಯೂಟರೋ?

ಕಾಸರಗೋಡಿನ ಬದಿಯಡ್ಕದ ಕಡೆ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ) ಮಾಡುವವರಿಗೆ ಮಕರ, ಕುಂಭ ಮಾಸಗಳೆಂದರೆ (ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ) ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಗಳ ಸುಗ್ಗಿ. ಹಳೆಯ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಸುವ ನುಡಿ ತಂತ್ರಾಂಶ ಒಂದು ದಾರಿ. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಬರೆದು ಉಳಿಸುವ ಗೂಗಲ್ ಡಾಕ್ಸ್ ಮತ್ತು ಎಲ್ಲ ಕಂಪ್ಯೂಟರು, ಫೋನುಗಳಿಗೂ ಹೊಂದುವ ಅಕ್ಷರ ಸಂಕೇತವಾದ ಯೂನಿಕೋಡ್ ಇನ್ನೊಂದು. ಎರಡರಲ್ಲೂ ದುಡಿದು ನೋಡಿದ್ದೇನೆ.

ಉತ್ಸವ ಸಮಿತಿಯ ಹೆಸರುಗಳ ಪಟ್ಟಿ ತಯಾರಿಸುವುದಕ್ಕೆ ಡಾಕ್ಸ್‌ಗೆ ಸಾಟಿಯಿಲ್ಲ. ಗೌರವಾಧ್ಯಕ್ಷರು ಮುಂಬೈಯಲ್ಲಿ, ಕಾರ್ಯದರ್ಶಿ ಮಂಗಳೂರಿನಲ್ಲಿ, ಕೋಶಾಧಿಕಾರಿ ದುಬೈಯಲ್ಲಿ. ಮೊದಲೆಲ್ಲ ತಿದ್ದುಪಡಿಗಳು ಕೈಬರಹದ ಫೋಟೋಗಳಾಗಿ ವಾಟ್ಸ್ಆಪ್‌ಗೆ ಬರುತ್ತಿದ್ದವು. ಯಾವುದು ಕೊನೆಯದೆಂದು ಬ್ರಹ್ಮನೇ ಹೇಳಬೇಕು. ಈಗ ಎಲ್ಲರೂ ಒಂದೇ ಕಡತವನ್ನು ತೆರೆಯುತ್ತಾರೆ. ಉಪಾಧ್ಯಕ್ಷರ ಸಾಲಿನಲ್ಲಿ ಐದನೆಯವರಾಗಿದ್ದವರು ಬೆಳಗಾಗುವುದರೊಳಗೆ ಎರಡನೆಯವರಾಗಿದ್ದರೆ, ಯಾರು ಎಷ್ಟು ಹೊತ್ತಿಗೆ ಮೇಲೇರಿಸಿದರು ಎಂಬುದು ಹಳೆಯ ಆವೃತ್ತಿಗಳ ಪಟ್ಟಿಯಲ್ಲಿ ಬಣ್ಣ ಸಮೇತ ಸಿಗುತ್ತದೆ. (ನಾನು ನೋಡಿದರೂ ಹೇಳುವುದಿಲ್ಲ. ಊರಿನಲ್ಲಿ ಬಾಳಬೇಕಲ್ಲ!) ಹಳೆಯ ಸ್ಮರಣ ಸಂಚಿಕೆಯ ಪುಟವನ್ನು ಸ್ಕ್ಯಾನ್ ಮಾಡಿ ಗೂಗಲ್‌ನ ಕಡತ ಸಂಗ್ರಹವಾದ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆದರೆ ಕನ್ನಡವನ್ನೂ ಬಹುಮಟ್ಟಿಗೆ ಓದಿಕೊಡುತ್ತದೆ. ಒತ್ತಕ್ಷರಗಳ ಮೇಲೆ ಮಾತ್ರ ಕಣ್ಣಿಡಬೇಕು.

ಪುಟ ಕಟ್ಟುವ ಕೆಲಸಕ್ಕೆ ಇದು ಒದಗುವುದಿಲ್ಲ. ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳ ಲೆಕ್ಕದ ಬಣ್ಣ ವಿಧಾನ) ಡಾಕ್ಸ್‌ನಲ್ಲಿಲ್ಲ. ದೇವರ ಫೋಟೋದ ಪಕ್ಕಕ್ಕೆ ಶ್ಲೋಕವನ್ನು ಕೂದಲೆಳೆಯಷ್ಟು ಸರಿಸಲು ಹೋದರೆ ಕೆಳಗಿನ ಸಾಲುಗಳೆಲ್ಲ ಮುಂದಿನ ಪುಟಕ್ಕೆ ಹಾರುತ್ತವೆ. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಕನ್ನಡ ಯೂನಿಕೋಡ್ ಹಿಡಿಸುವುದಿಲ್ಲ, ಆದರೆ ಇಟ್ಟ ಅಕ್ಷರ ಇಟ್ಟಲ್ಲೇ ಇರುತ್ತದೆ. ಹಾಗಾಗಿ ಡಾಕ್ಸ್‌ನಲ್ಲಿ ಅಂತಿಮಗೊಂಡ ಪಠ್ಯವನ್ನು ಅಕ್ಷರ ಬದಲಿಸುವ ತಂತ್ರಾಂಶದ ಮೂಲಕ ನುಡಿಯ ಹಳೆಯ ಅಕ್ಷರಗಳಿಗೆ ದಾಟಿಸಿ, ಇನ್ನೊಮ್ಮೆ ಕರಡು ತಿದ್ದಬೇಕು. ಬೇಸರದ ಕೆಲಸ. ಆದರೂ ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಹಳೆಯ ಕಂಪ್ಯೂಟರನ್ನು ಬಿಡುವುದಿಲ್ಲ. ಪಟ್ಟಿಯನ್ನು ಫೋನಿನಲ್ಲಿ ಕೇಳಿಯೂ ಬರೆದುಕೊಳ್ಳಬಹುದು.

ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಎರಡೂ ಪರದಾಡುತ್ತವೆ. ಗುಡುಗು ಕೇಳಿಸಿದೊಡನೆ ಕಂಪ್ಯೂಟರಿನ ಪ್ಲಗ್ ಜೊತೆಗೆ ಮೋಡೆಮ್‌ನದ್ದನ್ನೂ ಕೀಳಬೇಕು. ಯುಪಿಎಸ್ ಇದೆಯೆಂದು ಸಿಡಿಲು ಸುಮ್ಮನಿರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಡಾಕ್ಸ್‌ನ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ ಬ್ಯಾಟರಿ ಇರುವಷ್ಟು ಹೊತ್ತು ಟೈಪಿಸಬಹುದು, ಸಂಪರ್ಕ ಬಂದಾಗ ಅದೇ ಸೇರಿಕೊಳ್ಳುತ್ತದೆ.

ಮುಗಿದ ಪುಟಗಳ ಪಿಡಿಎಫ್ ಮಾತ್ರ ಡ್ರೈವ್‌ನಲ್ಲೂ ಇರಲಿ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಜಿಮೇಲ್ ಮತ್ತು ಫೋಟೋಗಳಿಗೂ ಪಾಲಿದೆ. ಸಮಿತಿಯವರು ಕಳಿಸುವ ದೊಡ್ಡ ಫೋಟೋಗಳನ್ನು ಅಲ್ಲಿಗೆ ಏರಿಸದೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕುತ್ತೇನೆ.