ಎಚ್-4ರಿಂದ ಎಫ್-1ಕ್ಕೆ: ವಲಸೆ ವಕೀಲರ ಕಚೇರಿಯೊಂದಕ್ಕೆ 5ರಲ್ಲಿ 3 ಅಂಕ

ಗಂಡನ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ನೆರಳಲ್ಲಿ ಎಚ್-4 (ಅಂಥವರ ಸಂಗಾತಿ, ಮಕ್ಕಳಿಗೆ ಸಿಗುವ ಅವಲಂಬಿತ ವೀಸಾ) ಮೇಲೆ ನ್ಯೂಜೆರ್ಸಿಯಲ್ಲಿದ್ದೆ. ಎಂ.ಎಸ್. ಸೀಟು ಸಿಕ್ಕ ಮೇಲೆ, 2025ರಲ್ಲಿ, ಇಲ್ಲಿದ್ದುಕೊಂಡೇ ಎಫ್-1ಕ್ಕೆ, ಅಂದರೆ ವಿದ್ಯಾರ್ಥಿಯಾಗಿ ಇಲ್ಲಿರುವ ಅನುಮತಿಗೆ (ಸ್ಟೇಟಸ್), ಬದಲಾದೆ. ಅರ್ಜಿ ಹಾಕಿಸಿದ್ದು ಇಲ್ಲಿನ ಒಂದು ವಲಸೆ ವಕೀಲರ ಕಚೇರಿಯಿಂದ. ಹೆಸರು ಬೇಡ.

ವಕೀಲರು ಮಾತ್ರ ಚಿನ್ನದಂಥವರು. ‘ಓದಲಿಕ್ಕಷ್ಟೇ ಆದರೆ ಎಚ್-4ರಲ್ಲೇ ಓದಬಹುದಲ್ಲ, ಎಫ್-1 ಏಕೆ ಮೇಡಂ?’ ಎಂದು ಮೊದಲೇ ಕೇಳಿದರು. ಶುಲ್ಕ ಕೈತಪ್ಪಬಹುದಾದ ಪ್ರಶ್ನೆಯನ್ನು ತಾವಾಗಿಯೇ ಕೇಳುವವರು ಅಪರೂಪ. ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಇನ್ನೂ ಮಂಜೂರಾಗಿಲ್ಲ, ಹಾಗಾಗಿ ಎಚ್-4ರಲ್ಲಿ ನನಗೆ ಕೆಲಸದ ಪರವಾನಗಿ ಇಲ್ಲ. ಓದಿದ ಮೇಲೆ ಓಪಿಟಿ (ಓದಿದ ಕ್ಷೇತ್ರದಲ್ಲಿ ಕೆಲಸ ಮಾಡಲು ಎಫ್-1ರವರಿಗೆ ಸಿಗುವ ಅನುಮತಿ) ಬೇಕು ಎಂದೆ. ಒಪ್ಪಿದರು. ಅರ್ಜಿ ತೀರ್ಮಾನವಾಗುವ ಮುನ್ನ ದೇಶ ಬಿಟ್ಟರೆ ಅದನ್ನು ಕೈಬಿಟ್ಟಂತೆ ಎಂದು ಎಚ್ಚರಿಸಿದರು. ನಾದಿನಿಯ ಮದುವೆಗೆ ತೆಗೆದಿದ್ದ ಟಿಕೆಟ್ ಆ ಸಂಜೆಯೇ ರದ್ದಾಯಿತು.

ಅವರ ಸಹಾಯಕರ ಕತೆ ಬೇರೆ. ಐ-539 (ಸ್ಟೇಟಸ್ ಬದಲಿಸುವ ಅರ್ಜಿ) ಜೊತೆ ಇಡಬೇಕಾದ ವಿವರಣಾ ಪತ್ರದ ಕರಡಿನಲ್ಲಿ ನನಗೆ ಇಬ್ಬರು ಮಕ್ಕಳಿದ್ದರು, ಇಬ್ಬರೂ ಟೆಕ್ಸಾಸ್‌ನ ಶಾಲೆಯಲ್ಲಿ ಓದುತ್ತಿದ್ದರು! ಯಾರದೋ ಪತ್ರಕ್ಕೆ ನನ್ನ ಹೆಸರು ಅಂಟಿಸಿದ್ದರು. ಹಾಸನದ ನೋಂದಣಿ ಕಚೇರಿಯ ವಿವಾಹ ಪತ್ರ ಕನ್ನಡದಲ್ಲಿದೆ; ಆ ಒಂದು ಪುಟದ ಅನುವಾದಕ್ಕೆ 60 ಡಾಲರ್ ಕೇಳಿದರು. ಎರಡೂ ಭಾಷೆ ಬಲ್ಲವರು ಪೂರ್ಣ, ನಿಖರ ಅನುವಾದವೆಂದು ದೃಢೀಕರಿಸಿ ಸಹಿ ಹಾಕಿದರೆ ಸಾಕು. ಪಕ್ಕದ ಮನೆಯ ಧಾರವಾಡದ ಅಕ್ಕ ಚಹಾ ಕುಡಿಯುತ್ತಲೇ ಮುಗಿಸಿಕೊಟ್ಟರು.

ದುಡ್ಡಿನ ಲೆಕ್ಕ, 2025ರದ್ದು: ಆನ್‌ಲೈನ್ ಅರ್ಜಿಗೆ ಸರ್ಕಾರಿ ಶುಲ್ಕ 420 ಡಾಲರ್, ಸೆವಿಸ್‌ಗೆ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) 350. ಅರ್ಜಿ ಬೇಗ ತೀರ್ಮಾನವಾಗಲು ಕಟ್ಟುವ ಪ್ರೀಮಿಯಂಗೆ ಆಗ ಮತ್ತೆ 1,965. ‘30 ಕೆಲಸದ ದಿನಗಳಲ್ಲಿ ಉತ್ತರ’ ಎಂದು ಸಹಾಯಕರು ಪ್ರೀಮಿಯಂ ಹಾಕಿಸಲು ದುಂಬಾಲು ಬಿದ್ದರು. ಬೆರಳಚ್ಚು ಕೊಡಬೇಕಾದವರಿಗೆ ಆ ಎಣಿಕೆ ಶುರುವಾಗುವುದೇ ಅದು ಮುಗಿದ ಮೇಲೆ ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ತರಗತಿ ಹತ್ತಿರವಿದ್ದದ್ದರಿಂದ ಹಾಕಿಸಿದೆ, ಮಂಜೂರೂ ಆಯಿತು.

ಕಾಗದಪತ್ರ ನೇರವಾಗಿರುವವರಿಗೆ ಈ ಕಚೇರಿ ಬೇಕಿಲ್ಲ. ಐ-20 (ಎಫ್-1ಕ್ಕೆ ಬೇಕಾದ ಅರ್ಹತಾ ಪತ್ರ) ಕೊಡುವ ಕಾಲೇಜಿನ ವಿದೇಶಿ ವಿದ್ಯಾರ್ಥಿ ವಿಭಾಗವೇ ಬೇಕಾದ ದಾಖಲೆಗಳ ಪಟ್ಟಿ ಕೊಟ್ಟಿತ್ತು, ಬಿಟ್ಟಿಯಾಗಿ. ಗ್ರೀನ್ ಕಾರ್ಡಿನತ್ತ ಈಗಾಗಲೇ ಹೆಜ್ಜೆ ಇಟ್ಟವರು, ಹಿಂದೆ ಸ್ಟೇಟಸ್ ತಪ್ಪಿದವರು ಹೋಗಲಿ. ಆದರೆ ವಕೀಲರೊಡನೆಯೇ ಮಾತಾಡಲಿ.

ಬದಲಾದದ್ದು ಸ್ಟೇಟಸ್ ಅಷ್ಟೇ, ಪಾಸ್‌ಪೋರ್ಟಿನಲ್ಲಿ ಎಫ್-1 ವೀಸಾ ಇಲ್ಲ. ಊರಿಗೆ ಹೋದಾಗ, ಮರಳಿ ಬರಲು, ಚೆನ್ನೈಗೋ ಹೈದರಾಬಾದಿಗೋ ಹೋಗಿ ಹಾಕಿಸಿಕೊಳ್ಳಬೇಕು. ಅದರ ಡಿಎಸ್-160 (ವೀಸಾ ಅರ್ಜಿ) ತುಂಬಲು ಈ ಕಚೇರಿಗೆ ಬೇರೆ ಶುಲ್ಕವಂತೆ. ನಾನೇ ತುಂಬಿಕೊಳ್ಳುತ್ತೇನೆ, ಮಕ್ಕಳಿಲ್ಲದೆಯೇ.