ಕ್ಲಾಟ್ ಇಂಗ್ಲಿಷ್‌ಗೆ ವರ್ಡ್ ಲಿಸ್ಟಾ, ಆಂಕಿ ಆ್ಯಪಾ, ನ್ಯೂಸ್ ಪೇಪರಾ? ಮೂರೂ ಟ್ರೈ ಮಾಡಿದ್ದೀನಿ

ಕ್ಲಾಟ್ ಅಂದ್ರೆ ನ್ಯಾಷನಲ್ ಲಾ ಯೂನಿವರ್ಸಿಟಿಗಳಿಗೆ ಸೇರೋಕೆ ಬರೆಯೋ ಎಂಟ್ರೆನ್ಸ್ ಎಕ್ಸಾಮ್. ಅದರ ಕೋಚಿಂಗ್‌ಗೆ ಅಂತ ಮೈಸೂರಿಗೆ ಹೋಗೋಕೆ ನಂಗಾಗ್ಲಿಲ್ಲ, ಸೋಮವಾರಪೇಟೆ ಹತ್ರ ಮನೇಲೇ ಕೂತು ಓದಿದ್ದು.

ಮೊದ್ಲು ಹಿಡಿದಿದ್ದು ವರ್ಡ್ ಲಿಸ್ಟ್. ಸೀನಿಯರ್ ಅಕ್ಕ ಒಬ್ರು ಕೊಟ್ಟ ಜೆರಾಕ್ಸ್, ದಿನಕ್ಕೆ 30 ಪದ ಬಾಯಿಪಾಠ. ಅಬೇಟ್, ಅಬೆಟ್, ಅಬ್‌ಹಾರ್ ಅಂತ ಎ ಅಕ್ಷರದಲ್ಲೇ ಎಲ್ಲಾ ಕಲಸುಮೇಲೋಗರ ಆಗೋಯ್ತು. ಎರಡು ತಿಂಗಳು ಹೋಯ್ತು ನೋಡಿ, ಅದು ಈಗ್ಲೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ 2020ರಿಂದ ಕ್ಲಾಟಲ್ಲಿ ಪ್ಯಾಸೇಜ್ ಕೊಟ್ಟು ಅದ್ರೊಳಗೆ ಈ ಪದಕ್ಕೆ ಏನರ್ಥ ಅಂತ ಕೇಳ್ತಾರೆ, ತಪ್ಪಾದ್ರೆ 0.25 ಮಾರ್ಕ್ಸ್ ಕಟ್.

ಆಮೇಲೆ ಆಂಕಿ ಆ್ಯಪ್, ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಇರೋ ಕಾರ್ಡ್ ಮಾಡ್ಕೊಂಡು ಓದೋದು. ಆಂಡ್ರಾಯ್ಡಲ್ಲಿ ಫ್ರೀ, ಮರೆತ ಕಾರ್ಡ್ ಬೇಗ ವಾಪಸ್ ತೋರಿಸುತ್ತೆ, ಗೊತ್ತಿರೋದನ್ನ ದಿನಗಟ್ಟಲೆ ಮುಂದಕ್ಕೆ ಹಾಕುತ್ತೆ. ನೆಟ್ ಇಲ್ದೇನೂ ನಡೆಯುತ್ತೆ, ಜುಲೈ ಮಳೇಲಿ ಮರ ಬಿದ್ದು ಮೂರು ದಿನ ಕರೆಂಟ್ ಟವರ್ ಎರಡೂ ಇಲ್ದಾಗ ಪವರ್ ಬ್ಯಾಂಕ್ ಇಟ್ಕೊಂಡು ಓದಿದ್ದೀನಿ. ಆದ್ರೆ ನಾಲ್ಕು ದಿನ ಬಿಟ್ರೆ ಕಾರ್ಡ್ ರಾಶಿ ಬೀಳುತ್ತೆ, ಮತ್ತೆ ತೆಗೆಯೋಕೇ ಮನಸ್ಸು ಬರಲ್ಲ.

ಮೂಲಪದ ಹಿಡಿದು ಕಲಿಯೋದನ್ನೂ ಸ್ವಲ್ಪ ನೋಡ್ದೆ. ಪೆಡ್ ಅಂದ್ರೆ ಕಾಲು, ಪೆಡಲ್, ಪೆಡೆಸ್ಟ್ರಿಯನ್, ಸರಿ. ಹಾಗಂತ ಪೀಡಿಯಾಟ್ರಿಷಿಯನ್ ಕಾಲಿನ ಡಾಕ್ಟರ್ ಅಲ್ವಲ್ಲ, ಅದು ಗ್ರೀಕಿಂದ ಬಂದಿದ್ದು, ಮಗು ಅಂತ ಅರ್ಥ.

ನಂಗೆ ನಿಜವಾಗ್ಲೂ ಕೈ ಹಿಡಿದಿದ್ದು ಪೇಪರ್. ಅಪ್ಪ ಪೇಟೆಯಿಂದ ಇಂಗ್ಲಿಷ್ ಪೇಪರ್ ತರ್ತಿದ್ರು, ದಿನಕ್ಕೊಂದೇ ಎಡಿಟೋರಿಯಲ್. ಗೊತ್ತಿಲ್ದಿರೋ ಪದಕ್ಕೆ ಪೆನ್ಸಿಲಲ್ಲಿ ಗೆರೆ, ಪಕ್ಕದಲ್ಲಿ ನನ್ನ ಊಹೆ, ಡಿಕ್ಷನರಿ ಆಮೇಲೆ. ಒಂದಿನ ಸ್ಯಾಂಕ್ಷನ್ ಬಂತು. ನಮ್ಮನೇಲಿ ಕಾಫಿ ತೋಟದ ಲೋನ್ ಸ್ಯಾಂಕ್ಷನ್ ಆಯ್ತು ಅಂದ್ರೆ ಖುಷಿ ಸುದ್ದಿ, ಆಂಕಿ ಕಾರ್ಡಲ್ಲೂ ಒಪ್ಪಿಗೆ ಅಂತ್ಲೇ ಬರ್ಕೊಂಡಿದ್ದೆ. ಇಲ್ಲಿ ನೋಡಿದ್ರೆ ರಷ್ಯಾ ಮೇಲೆ ಸ್ಯಾಂಕ್ಷನ್ಸ್! ಮೇಲೆ ಕೆಳಗೆ ಎರಡು ಸಾಲು ಓದಿದ್ಮೇಲೆ ದಿಗ್ಬಂಧನ ಅಂತ ತಾನೇ ಹೊಳೀತು. ಎಕ್ಸಾಮಲ್ಲಿ ಬೇಕಾಗೋದು ಇದೇ ಕೆಲ್ಸ.

ನಿಧಾನ ಅಂತೂ ಹೌದು, ದಿನಕ್ಕೆ ಆರೇಳು ಪದ ದಾಟಲ್ಲ. ಅದಕ್ಕೇ ಪೇಪರಲ್ಲಿ ಸಿಕ್ಕಿದ್ದನ್ನ ಪೂರ್ತಿ ವಾಕ್ಯದ ಸಮೇತ ಆಂಕಿಗೆ ಹಾಕಿದೆ, ರಾಶಿ ಬೀಳೋದೂ ನಿಂತ್ತು.

ಈ ವರ್ಷ ತಮ್ಮ ಬರೀತಾನೆ. ಜೆರಾಕ್ಸ್ ಕೇಳ್ದ, ಕೊಡ್ಲಿಲ್ಲ, ಪೆನ್ಸಿಲ್ ಗೆರೆ ಇರೋ ಪೇಪರ್ ಕಟ್ಟು ಕೊಟ್ಟೆ.